ಎರಡು ಸೂರಿನ ನಡುವಿನ ದೋಣಿ

ಸಾವ್ಕಾರ್ರು ಹರಿಹರದ ನನ್ನ ತಗಡಿನ ಅಂಗಡಿಗೆ ಬಂದದ್ದು ಯುಗಾದಿ ಕಳೆದ ಮೇಲಿನ ಒಂದು ಉರಿಬಿಸಿಲಿನ ದಿನ. ಹೆಗಲ ಮೇಲಿನ ವಲ್ಲಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದಿದ್ದರು. ಬಿಚ್ಚಿ ನನ್ನ ಮುಂದಿಟ್ಟರು. ತುಕ್ಕು ತಿಂದ ತಗಡಿನ ಚೂರು. ಹೆಬ್ಬೆರಳಿನಿಂದ ಒತ್ತಿದೆ, ಹಪ್ಪಳದ ಹಾಗೆ ಮುರಿಯಿತು. ತಗಡು ಹೀಗೆ ಮುರಿದರೆ ನನಗೆ ಮೊದಲಿನಿಂದಲೂ ಸಿಟ್ಟು. ಯಾರು ಮಾಡಿದ ಕೆಲಸ ಇದು ಎಂದು ಕೇಳಿದೆ. ಮಾಡಿದವರು ತೀರಿಕೊಂಡು ಬಹಳ ಕಾಲವಾಯಿತು ಅಂದರು. ಸತ್ತವರ ಮೇಲೆ ಏನು ಸಿಟ್ಟು ಮಾಡುವುದು.

"ನಮ್ಮ ಗೋದಾಮಿನ ದೋಣಿ ಇದು ಮೇಸ್ತ್ರಿ. ಮುಂಗಾರು ಹಿಡಿಯಾದ್ರೊಳಗೆ ಹೊಸದು ಆಗ್ಬೇಕು. ಒಂದ್ಸಲ ಬಂದು ನೋಡ್ರಿ," ಅಂದರು.

ಎರಡು ಮಾಡಿನ ಸೂರುಗಳು ಕೂಡುವ ಕಡೆ ಮಳೆನೀರು ಹಿಡಿದು ಹೊರಗೆ ಒಯ್ಯಲು ಉದ್ದಕ್ಕೂ ಕೂರಿಸುವ ತಗಡಿನ ತೊಟ್ಟಿಗೆ ನಾವು ದೋಣಿ ಅನ್ನುತ್ತೇವೆ. ಮನೆಯ ಸೂರಿಗೆ ಹಾಕುವ ದೋಣಿ ಸೋರಿದರೆ ಅಂಗಳಕ್ಕೆ ಸೋರುತ್ತದೆ, ಯಾರೂ ಕೇಳುವುದಿಲ್ಲ. ಎರಡು ಮಾಡಿನ ನಡುವಿನದು ಸೋರಿದರೆ ನೇರ ಒಳಗೇ. ಅದರಲ್ಲೂ ಸಾವ್ಕಾರ್ರದು ಹತ್ತಿ ಗೋದಾಮು. ದಾವಣಗೆರೆಯ ಮಂಡಿಪೇಟೆಯಲ್ಲಿ ಜೋಡಿ ಮಾಡಿನ ದೊಡ್ಡ ಕಟ್ಟಡ, ಮೇಲೆ ಮಂಗಳೂರು ಹೆಂಚು, ಕೆಳಗೆ ಆಳೆತ್ತರಕ್ಕೆ ಪೇರಿಸಿದ, ಹತ್ತಿ ತುಂಬಿ ಬಿಗಿದ ಅಂಡಿಗೆಗಳು. ಅಂಡಿಗೆಯೊಳಗೆ ನೀರಿಳಿದರೆ ಹೊರಗೆ ಗೊತ್ತೇ ಆಗುವುದಿಲ್ಲ. ಒಳಗೊಳಗೇ ಕಾವು ಏರಿ ಕಪ್ಪಾಗಿ, ಬಿಚ್ಚಿದ ದಿನ ಮುಗ್ಗಲು ವಾಸನೆ ಹೊಡೆಯುತ್ತದೆ.

ನಾನೂ ನಮ್ಮ ಭಾವನೂ ಮರುದಿನವೇ ಹೋದೆವು. ಭಾವ ಅಂದರೆ ನಮ್ಮ ಅಕ್ಕನ ಗಂಡ, ಭಾನುವಳ್ಳಿಯವರು. ಅಂಗಡಿಯಲ್ಲಿ ಬೆಸುಗೆ ಕೆಲಸವೆಲ್ಲ ಅವರದು, ತಗಡು ಬಗ್ಗಿಸುವುದು ನನ್ನದು. ಭಾವನದು ಮಾತು ಕಮ್ಮಿ, ಆಡಿದರೆ ಚುಚ್ಚುಮಾತೇ.

ಏಣಿ ಹಾಕಿ ಹತ್ತಿದೆವು. ಹಳೆಯ ದೋಣಿಯ ತುಂಬ ಬೂದಿ. ಗೋದಾಮಿನ ಬೆನ್ನಿಗೇ ಒಂದು ಮಂಡಕ್ಕಿ ಭಟ್ಟಿ ಇತ್ತು. ಭತ್ತದ ಹೊಟ್ಟು ಉರಿಸುವ ಒಲೆ. ಅದರ ಬೂದಿ ಗಾಳಿಗೆ ಹಾರಿ ಬಂದು ದೋಣಿಯಲ್ಲಿ ಕೂತು, ನೀರು ಕುಡಿದು, ತಗಡಿನ ಮೇಲಿನ ಸತುವಿನ ಲೇಪವನ್ನು ತಿಂದುಹಾಕಿತ್ತು. ಹಿಂದಿನ ತುದಿಯಂತೂ ಜರಡಿಯೇ. ಕಳೆದ ಮಳೆಗಾಲದಲ್ಲಿ ಅರ್ಧ ನೀರು ಆ ತುದಿಯಿಂದ ಭಟ್ಟಿಯ ಅಂಗಳಕ್ಕೆ ಧುಮುಕಿದ್ದು ಗೋಡೆಯ ಮೇಲಿನ ಪಾಚಿಯೇ ಹೇಳುತ್ತಿತ್ತು.

ಕೆಳಗಿಳಿದ ಮೇಲೆ ಸಾವ್ಕಾರ್ರು ತಮ್ಮ ಯೋಚನೆ ಹೇಳಿದರು. "ಮುಂದಿನ ಬೀದಿಗಂಟ ನೀರು ಎಳ್ಕಂಡು ಬರಾದು ಯಾಕ? ವಾಟ ಹಿಂದಕ್ಕೇ ಕೊಟ್ಬಿಡ್ರಿ. ಹಿಂದ್ಲ ಜಾಗ ನಮ್ದೇ ಐತೆ. ಸಲೀಸಾಗಿ ಬಿದ್ದು ಹೋಗ್ತತಿ."

ವಾಟ ಅಂದರೆ ನೀರು ಹರಿಯಲು ಕೊಡುವ ಇಳಿಜಾರು. ಕೆಲಸದ ಮಟ್ಟಿಗೆ ಅವರ ಮಾತು ಸರಿಯಾಗಿಯೇ ಇತ್ತು. ಹಿಂದಕ್ಕೆ ಗೋಡೆ ತಗ್ಗಾಗಿತ್ತು, ದಾರಿ ಹಗುರ. ನಾನು ಹೂಂ ಅನ್ನುವುದರೊಳಗೆ ಭಟ್ಟಿಯ ಯಜಮಾನಿ ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಐವತ್ತು ದಾಟಿದ ಹೆಂಗಸು, ಸೆರಗಿನ ತುಂಬ ಬೂದಿ, ಕೈಯಲ್ಲಿ ಮರಳು ಜರಡಿ. ಗಂಡ ಹೋದ ಮೇಲೆ ಸೊಸೆಯನ್ನು ಕಟ್ಟಿಕೊಂಡು ಅವಳೇ ಭಟ್ಟಿ ನಡೆಸುತ್ತಿದ್ದಳು.

"ಸಾವ್ಕಾರ್ರೆ, ಹಂಗೆ ಮಾಡಿದ್ರೆ ನನ್ನ ಒಲೀಗೆ ಜಲಸಮಾಧಿ," ಅಂದಳು. ಕೂಗಲಿಲ್ಲ, ಅಳಲಿಲ್ಲ, ಹಾಗೆಯೇ ಹೇಳಿದಳು.

"ಬೂಬಮ್ಮ, ಬ್ಯಾರೆ ಕಡೆ ಜಾಗ ನೋಡ್ಕಳಂಗಿದ್ರೆ ನೋಡ್ಕ. ನಾನೇನು ಇವತ್ತೇ ಏಳು ಅಂತೀನಾ? ಹತ್ತಿ ತೊಯ್ದ್ರೆ ನನ್ನ ಕತಿ ಏನು?"

"ಒಲಿ ಹೊತ್ಕಂಡು ಹೋಗಾಕೆ ಬರ್ತೈತಾ? ನೆಲದಾಗೆ ಕಟ್ಟಿದ್ದು. ಹೋದ ವರ್ಷ ಮೋಡ ಕಂಡ ಕೂಡ್ಲೆ ಬೆಂಕಿ ತೆಗೀತಿದ್ದೆ. ಮರಳು ಹಸಿ ಆತಂದ್ರೆ ಅಕ್ಕಿ ಅರಳಲ್ಲ ತಮ್ಮಾ, ಹಂಗೇ ಹುರದು ಹೋಗ್ತೈತೆ," ಎಂದು ಈ ಸಲ ನನ್ನ ಕಡೆ ತಿರುಗಿದಳು.

ಮಂಡಕ್ಕಿ ಮಾಡುವುದನ್ನು ನೋಡಿದವರಿಗೆ ಗೊತ್ತು. ಉಪ್ಪುನೀರು ಸವರಿ ಒಣಗಿಸಿದ ಅಕ್ಕಿಯನ್ನು ಕೆಂಪಗೆ ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಅರಳಬೇಕು. ಮರಳಿನ ಕಾವು ಒಂದಿಷ್ಟು ಇಳಿದರೂ ಕೆಲಸ ಕೆಟ್ಟಿತು. ಒಲೆಯ ಮೇಲೆ ತಡಿಕೆಯ ಚಪ್ಪರವೇನೋ ಇತ್ತು, ಆದರೆ ಎರಡು ಮಾಡಿನ ನೀರು ಒಂದೇ ಕಡೆ ಧುಮುಕಿದರೆ ತಡಿಕೆ ಏನು ತಡೆದೀತು?

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ನೀರು ಮುಂದಕ್ಕೇ ತರ್ತೀನಿ ಸಾವ್ಕಾರ್ರೆ. ಮುಂದಕ್ಕೆ ತರಾಕಾಗದಿದ್ರೆ ನಾನು ತಗಡಿನ ಕೆಲಸದವನೇ ಅಲ್ಲ," ಅಂದುಬಿಟ್ಟೆ. ಭಾವ ಮೇಲೆ ನೋಡುತ್ತಾ ಕೆಮ್ಮಿದರು.

ಸಾವ್ಕಾರ್ರು ನಕ್ಕರು. "ಆತು. ಆದ್ರೆ ಅಂಡಿಗೆ ಮ್ಯಾಲೆ ನೀರು ತಟಕಿತು ಅಂದ್ರೆ ವಾಟ ಹಿಂದಕ್ಕೇ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

ಯಾವ ದೋಣಿ ಹಾಕುವುದು ಎಂಬುದರ ಮೇಲೇ ಮೊದಲ ಜಗಳ. ಆಗ ಪೇಟೆಯಲ್ಲಿ ಸಿಮೆಂಟಿನ ಸಿದ್ಧ ದೋಣಿಗಳು ಹೊಸದಾಗಿ ಬರತೊಡಗಿದ್ದವು. ಬೂದಿ ಅದನ್ನು ತಿನ್ನುವುದಿಲ್ಲ, ತುಕ್ಕಿನ ಮಾತೇ ಇಲ್ಲ. ಭಾವನ ಮನಸ್ಸು ಅದರ ಮೇಲೆ. ಒಂದು ತುಂಡು ತರಿಸಿ ಗೋಡೆಯ ಮೇಲಿಟ್ಟು ನೋಡಿದೆವು. ಎರಡು ಮಾಡಿನ ನಡುವಿನ ಸಂದಿಗೆ ಅದು ಕಿರಿದು. ಅಗಲದ್ದು ಬೇಕೆಂದರೆ ಬಲು ಭಾರ, ಹಳೆಯ ಮಣ್ಣಿನ ಗೋಡೆ ತಡೆಯುವ ನಂಬಿಕೆ ನನಗಿರಲಿಲ್ಲ. ಹೆಂಚು ಕೈಯಾಡಿಸುವವನು ತಪ್ಪಿ ಕಾಲಿಟ್ಟರೆ ಸೀಳುತ್ತದೆ. ಎರಕದ ಕಬ್ಬಿಣದ್ದು ಇನ್ನೂ ಭಾರ. ಕೊನೆಗೆ ದಪ್ಪನೆಯ ಜಿಂಕ್ ಶೀಟೇ ಆಗಲಿ, ಒಳಗೆ ಡಾಂಬರು ಬಳಿದರೆ ಬೂದಿ ಮುಟ್ಟುವುದಿಲ್ಲ ಎಂದು ನಾನು ಹಟ ಹಿಡಿದೆ. "ನಿನ್ನ ಅಂಗಡೀಲಿ ಸಿಮೆಂಟು ಮಾರ್ತಿದ್ರೆ ಸಿಮೆಂಟೇ ಚಲೋ ಅಂತಿದ್ದೆ," ಅಂದರು ಭಾವ. ಅದರಲ್ಲಿ ಒಂದಿಷ್ಟು ನಿಜವೂ ಇತ್ತು.

ತಗಡು ಬಗ್ಗಿಸುವ ದೊಡ್ಡ ಯಂತ್ರ ಹರಿಹರದಲ್ಲಿ ನಮ್ಮ ಅಂಗಡಿಯ ಹತ್ತಿರವೇ ಒಂದು ಕಾರ್ಖಾನೆಯಲ್ಲಿತ್ತು. ಅಲ್ಲಿ ತುಂಡುಗಳನ್ನು ಬಗ್ಗಿಸಿಕೊಂಡು, ಅಂಚನ್ನು ಕೊಡತಿಯಿಂದ ಬಡಿದು ಮಡಿಸಿ, ಗಾಡಿಯ ಮೇಲೆ ಹುಲ್ಲು ಹಾಸಿ ದಾವಣಗೆರೆಗೆ ಸಾಗಿಸಿದೆವು. ಅದೇ ಗಾಡಿಯಲ್ಲಿ ಭಟ್ಟಿಯವಳಿಗೆ ಎರಡು ಚೀಲ ಹೊಳೆಮರಳೂ ಹೋಯಿತು. ಹರಿಹರದ ಹೊಳೆಯ ಮರಳಿನಲ್ಲೇ ಮಂಡಕ್ಕಿ ಚೆನ್ನಾಗಿ ಅರಳುತ್ತದೆ ಎಂದು ಅವಳು ಮೊದಲೇ ಹೇಳಿಕಳಿಸಿದ್ದಳು.

ಮಟ್ಟ ಅಳೆಯುವ ರಸಮಟ್ಟ ಇಟ್ಟು ನೋಡಿಕೊಂಡು, ಬೀದಿಯ ಕಡೆಗೆ ಆದಷ್ಟು ವಾಟ ಕೊಟ್ಟು ಕೂರಿಸಿದೆವು. ತುಂಡಿಗೆ ತುಂಡು ಜೋಡಿಸಿ ರಿವೆಟ್ ಹೊಡೆದೆ, ಭಾವ ಬೆಸುಗೆ ಹಾಕಿದರು. ಪ್ರತಿ ಜೋಡಣೆಯ ಸಂದಿಗೆ ಡಾಂಬರಿನಲ್ಲಿ ಅದ್ದಿದ ಹತ್ತಿಯನ್ನು ತುರುಕಿ ಒತ್ತಿದೆವು. ದಾವಣಗೆರೆಯಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಡಿಯ ಕೀಲಿಗೆ ಹತ್ತಿ, ನೀರಿನ ಕೊಳವೆಗೆ ಹತ್ತಿ, ಕಿಟಕಿಯ ಬಿರುಕಿಗೂ ಹತ್ತಿ. ಬಗ್ಗಿದರೆ ಕೈಗೆ ಸಿಗುವುದು ಅದೇ ಆದ್ದರಿಂದ ಆ ಊರಿನಲ್ಲಿ ತೂತು ಕಂಡಲ್ಲೆಲ್ಲ ಕೈ ಹತ್ತಿಗೇ ಹೋಗುತ್ತದೆ. ಸಾವ್ಕಾರ್ರು ತಮ್ಮ ಗೋದಾಮಿನಿಂದಲೇ ಒಳ್ಳೆಯ ಉದ್ದನೆಯ ಎಳೆಯ ಹತ್ತಿ ಆರಿಸಿ ಕೊಟ್ಟರು.

ಹಿಂದಿನ ತುದಿಯಲ್ಲಿ ಕೊಡಗಟ್ಟಲೆ ನೀರು ಸುರಿದು ನೋಡಿದೆವು. ಮುಂದೆ ಬೀದಿಗೆ ಸೊಗಸಾಗಿ ಬಿತ್ತು. ಒಳಗೆ ಒಂದು ಹನಿ ಇಲ್ಲ. ಸಾವ್ಕಾರ್ರು ಚಹಾ ತರಿಸಿದರು. ಭಟ್ಟಿಯ ಯಜಮಾನಿ ಹಿಂದಿನ ಬಾಗಿಲಿಂದ ಇಣುಕಿ, ಕೈ ಎದೆಯ ಮೇಲಿಟ್ಟುಕೊಂಡು ಹೋದಳು. ನಾನು ಹರಿಹರಕ್ಕೆ ಬಸ್ಸು ಹತ್ತಿದ್ದು ಮದುವೆ ಗಂಡಿನ ಗತ್ತಿನಲ್ಲಿ.

ಆಮೇಲೆ ಬಿಸಿಲು ಕಾಯಿತು. ದಾವಣಗೆರೆಯ ಚೈತ್ರ ವೈಶಾಖದ ಬಿಸಿಲು ಅಂದರೆ ಹೆಂಚಿನ ಮೇಲೆ ರೊಟ್ಟಿ ಸುಡಬಹುದು. ಭರಣಿ ಮಳೆ ಒಂದು ಸಂಜೆ ಜೋರಾಗಿ ಹೊಡೆಯಿತು. ಬೆಳಿಗ್ಗೆಯೇ ಸಾವ್ಕಾರ್ರಿಂದ ಹೇಳಿಕೆ ಬಂತು.

ಹೋಗಿ ನೋಡಿದರೆ ದೋಣಿಯ ಕೆಳಗಿನ ಅಂಡಿಗೆಗಳ ಮೇಲೆ ಉದ್ದಕ್ಕೂ ಒದ್ದೆ ಗುರುತುಗಳು. ಮೇಲೆ ಹತ್ತಿದೆ. ಬೂದಿ ಬಂದು ದೋಣಿಯ ಬಾಯಿಯ ಹತ್ತಿರ ಕೂತಿತ್ತು. ನೀರು ಕಟ್ಟಿಕೊಂಡು ಅಂಚು ದಾಟಿ ಒಳಗೆ ಚೆಲ್ಲಿದೆ ಎಂದು ನಾನೂ ಭಾವನೂ ಒಪ್ಪಿಕೊಂಡೆವು. ನಾವಿಬ್ಬರೂ ಒಪ್ಪಿಕೊಂಡದ್ದೇ ಅಪರೂಪ, ಅದಕ್ಕೇ ಅನುಮಾನ ಬರಲಿಲ್ಲ. ಅಂಚಿಗೆ ಇನ್ನೊಂದು ಗೇಣು ತಗಡು ಏರಿಸಿದೆವು, ಬಾಯಿ ಅಗಲ ಮಾಡಿದೆವು, ಜೋಡಣೆಗಳಿಗೆ ಇನ್ನಷ್ಟು ಹತ್ತಿ ತುರುಕಿದೆವು.

ಕೃತ್ತಿಕೆ ಮಳೆಗೆ ಮತ್ತೆ ಸೋರಿತು. ಮೊದಲಿಗಿಂತ ಹೆಚ್ಚಾಗಿಯೇ.

ಈ ಸಲ ಸಾವ್ಕಾರ್ರು ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ತೊಯ್ದ ಅಂಡಿಗೆಯೊಂದನ್ನು ಬಿಚ್ಚಿಸಿ ಬಿಸಿಲಿಗೆ ಹರಡಿದ್ದರು. "ಮೇಸ್ತ್ರಿ, ನಿಮ್ಮ ಕೈಲಾದ್ದು ನೀವು ಮಾಡಿದ್ರಿ. ಈಗ ವಾಟ ಹಿಂದಕ್ಕೆ ತಿರುಗಿಸ್ರಿ. ಬೂಬಮ್ಮಗೆ ನಾನೇ ಹೇಳೀನಿ," ಅಂದರು.

ಹಿಂದೆ ಹೋಗಿ ನೋಡಿದೆ. ಒಲೆ ಆರಿತ್ತು. ಭಟ್ಟಿಯ ಯಜಮಾನಿ ಮರಳನ್ನು ಚೀಲಕ್ಕೆ ತುಂಬುತ್ತಿದ್ದಳು. ಸೊಸೆ ಬಾಣಲೆಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು.

"ಎಲ್ಲಿಗೆ ಅಕ್ಕಾ?" ಅಂದೆ.

"ಎಲ್ಲಿಗೂ ಇಲ್ಲ. ಜಾಗ ಸಿಕ್ಕಿಲ್ಲ. ಮರಳಾದ್ರೂ ಒಣಗಿರ್ಲಿ ಅಂತ ತುಂಬ್ತಿದೀನಿ," ಅಂದಳು. ಆಮೇಲೆ, "ನೀನು ಬೇಜಾರಾಗಬ್ಯಾಡ ತಮ್ಮಾ. ನನ್ನ ಪರವಾಗಿ ಒಂದು ಮಾತು ಆಡಿದ್ಯಲ್ಲ, ಅದೇ ಬಾಳ ಆತು," ಅಂದಳು.

ಬೈದಿದ್ದರೆ ಹೊರಟು ಹೋಗಿಬಿಡುತ್ತಿದ್ದೆ. ಈ ಮಾತು ಕೇಳಿದ ಮೇಲೆ ಹೋಗಲಾಗಲಿಲ್ಲ. ಗೋದಾಮಿಗೆ ಬಂದು ಅಂಡಿಗೆಗಳ ಮಧ್ಯೆ ಕೂತೆ. ಅಷ್ಟರಲ್ಲಿ ಮಧ್ಯಾಹ್ನದ ಒಂದು ಸಣ್ಣ ಮಳೆ ಬಂದು ಹೋಯಿತು. ಬಿಸಿಲೂ ಬಿತ್ತು. ಭಾವ ಮೇಲೆ ಹೋಗಿ ನೋಡಿ, "ದೋಣಿ ಖಾಲಿ ಐತೆ ನೋಡಪ್ಪ. ಎಲ್ಲಾ ಹರಿದು ಹೋಗೇತಿ," ಎಂದು ಕೂಗಿದರು.

ಆದರೆ ನನ್ನ ಮುಂದಿನ ಅಂಡಿಗೆಯ ಮೇಲೆ ಹನಿ ಬೀಳುತ್ತಲೇ ಇತ್ತು. ಒಂದು ಬಿತ್ತು, ಸ್ವಲ್ಪ ತಡೆದು ಇನ್ನೊಂದು. ದೋಣಿ ಖಾಲಿಯಾಗಿದ್ದರೆ ಇದು ಎಲ್ಲಿಂದ? ಅಂಚು ದಾಟಿ ಚೆಲ್ಲುವ ನೀರು ಮಳೆ ನಿಂತ ಕೂಡಲೇ ನಿಲ್ಲಬೇಕು. ಇದು ಚೆಲ್ಲಿದ್ದಲ್ಲ. ಅಂಡಿಗೆಯ ಮೇಲೆ ಏರಿ ನಿಂತು ದೋಣಿಯ ಹೊಟ್ಟೆಗೆ ಕೈ ಹಾಕಿದೆ. ಜೋಡಣೆಯ ಸಂದಿಯಿಂದ ಹತ್ತಿಯ ಎಳೆ ಕೆಳಕ್ಕೆ ಇಳಿಬಿದ್ದು ತುದಿಯಲ್ಲಿ ಹನಿ ಹಿಡಿದುಕೊಂಡಿತ್ತು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಅದು ನೀರನ್ನು ಹೀರಿ ಹೀರಿ ಒಳಕ್ಕೆ ಇಳಿಸುತ್ತಿತ್ತು.

ಭಾವನನ್ನು ಕೆಳಗೆ ಕರೆದೆ. ಇಬ್ಬರೂ ಒಂದೊಂದೇ ಜೋಡಣೆ ಮುಟ್ಟಿ ನೋಡಿದೆವು. ಹಗಲಿನ ಬಿಸಿಲಿಗೆ ತಗಡು ಹಿಗ್ಗಿ, ರಾತ್ರಿ ಕುಗ್ಗಿ, ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಡಾಂಬರು ಕಾದು ಕರಗಿ ಇಳಿದುಹೋಗಿತ್ತು. ಉಳಿದದ್ದು ಬರಿಯ ಹತ್ತಿ. ಎರಡನೆಯ ಸಲ ಹೆಚ್ಚು ತುರುಕಿದ್ದಕ್ಕೇ ಹೆಚ್ಚು ಸೋರಿದ್ದು.

"ಅಂಡಿಗೇಗೆ ನೀರು ಕುಡಿಸಿದ್ದು ಅದರ ತಮ್ಮನೇ," ಅಂದರು ಭಾವ. ಎಷ್ಟೋ ದಿನದ ಮೇಲೆ ನಾನು ನಕ್ಕೆ.

ಹಾಗಾದರೆ ಮುಂದೇನು? ಹೊಸದಾಗಿ ಬೆಸುಗೆ ಹಾಕಿದರೆ ಬಿಸಿಲು ಮತ್ತೆ ಸೀಳುತ್ತದೆ. ಉದ್ದದ ತಗಡು ಮೈ ಮುರಿಯದೆ ಇರುವುದಿಲ್ಲ, ಕಟ್ಟಿಹಾಕಿದಷ್ಟೂ ಒದೆಯುತ್ತದೆ. ತಲೆ ಎತ್ತಿ ಮಾಡು ನೋಡುತ್ತಾ ಕೂತೆ. ಸಾವಿರಾರು ಹೆಂಚು, ಒಂದರ ಮೇಲೊಂದು ತುಟಿ ಇಟ್ಟುಕೊಂಡು ಮಲಗಿದ್ದವು. ಒಂದು ಹನಿ ಒಳಗೆ ಬಂದಿರಲಿಲ್ಲ.

"ಭಾವಾ, ಹೆಂಚಿಗೆ ಯಾರು ಬೆಸುಗೆ ಹಾಕ್ಯಾರ್ರಿ?" ಅಂದೆ.

ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು. ಬೆಸುಗೆಯೇ ಬೇಡ ಅಂದರೆ ಅವರ ಕೆಲಸವೇ ಇಲ್ಲ. ಆದರೂ ಮೊದಲು ಅರ್ಥವಾದದ್ದು ಅವರಿಗೇ. "ಮೆಟ್ಟಿಲು ಇಳಿಸ್ಬೇಕಾಗ್ತತಿ. ಮ್ಯಾಗ್ಲ ತುಂಡಿನ ತುಟಿ ಕೆಳಗ್ಲ ತುಂಡಿನೊಳಗೆ. ಎರಡೂ ತಾಗಬಾರ್ದು. ತಾಗಿದ್ರೆ ಮತ್ತೆ ಹೀರ್ತತಿ," ಅಂದರು.

ಅದೇ ಆಯಿತು ನಮ್ಮ ತೀರ್ಮಾನ. ಜೋಡಣೆಯೇ ಇಲ್ಲದ ದೋಣಿ. ಪ್ರತಿ ತುಂಡೂ ಬೇರೆ ಬೇರೆ, ಒಂದರ ಬಾಯಿ ಇನ್ನೊಂದರೊಳಗೆ, ನಡುವೆ ಬೆರಳು ಆಡುವಷ್ಟು ಸಂದು. ಬಿಸಿಲಿಗೆ ಯಾವ ತುಂಡು ಎಷ್ಟು ಬೇಕಾದರೂ ಹಿಗ್ಗಲಿ, ಕುಗ್ಗಲಿ.

ತೊಡಕು ಒಂದೇ. ಪ್ರತಿ ತುಂಡಿಗೂ ಒಂದು ಮೆಟ್ಟಿಲು ಇಳಿಸಿದರೆ ಬೀದಿಯ ಕಡೆಗೆ ಬರುವಷ್ಟರಲ್ಲಿ ದೋಣಿ ಬಹಳ ತಗ್ಗಿಗೆ ಬರುತ್ತದೆ. ಹಿಂದಿನ ತುದಿಯನ್ನು ಹೆಂಚಿನ ಹೊಟ್ಟೆಗೆ ತಾಗುವಂತೆ ಎತ್ತಿದರೂ ಸಾಲದು. ನೀರು ಈಗ ಹೊರಬೀಳುವ ತೂತಿಗಿಂತ ಕೆಳಗೆ ಮುಂದಿನ ಗೋಡೆಯನ್ನು ಕೊರೆಯಬೇಕು. ಆ ಗೋಡೆಯ ನೆತ್ತಿಯ ಮೇಲೆ, ಸರಿಯಾಗಿ ನಡುವೆ, ಗಾರೆಯ ಲಕ್ಷ್ಮಿ ಕೂತಿದ್ದಳು. ಎರಡು ಕಡೆ ಸೊಂಡಿಲೆತ್ತಿದ ಆನೆ. ಸಾವ್ಕಾರ್ರ ತಂದೆ ಕಾಲದಲ್ಲಿ ಮಾಡಿಸಿದ್ದು. ಪ್ರತಿ ಶುಕ್ರವಾರ ಏಣಿ ಹಾಕಿ ಹೂವು ಏರಿಸುತ್ತಿದ್ದರು.

ಸಾವ್ಕಾರ್ರಿಗೆ ಹತ್ತಿಯ ಎಳೆ ತೋರಿಸಿದೆ, ಹೆಂಚು ತೋರಿಸಿದೆ, ಎಲ್ಲಾ ಒಪ್ಪಿದರು. ಗೋಡೆ ಅಂದ ಕೂಡಲೇ ಮುಖ ಗಂಟಾಯಿತು.

"ಲಕ್ಷ್ಮಿ ಪಾದದ ಬುಡಕ್ಕೆ ಉಳಿ ಹಾಕ್ತೀರೇನು? ಅದೊಂದು ಬ್ಯಾಡ್ರಿ. ನನ್ನ ಕೈಲಿ ಆಗಲ್ಲ."

ಸಿಟ್ಟು ನೆತ್ತಿಗೇರಿತು. ನಾಲಿಗೆಯ ತುದಿಗೆ ಬಂದದ್ದನ್ನು ಭಾವ ನನ್ನ ಕಾಲು ತುಳಿದು ತಡೆದರು. ಬೀದಿಗೆ ಹೋಗಿ ನಿಂತು ಆ ಗೋಡೆಯನ್ನು ನೋಡಿದೆ. ಲಕ್ಷ್ಮಿಯನ್ನು ಮುಟ್ಟುವ ಹಾಗಿಲ್ಲ, ಸರಿ. ಪಕ್ಕದ ಆನೆಯ ಕೆಳಗೆ ಗೋಡೆ ಬರಿದಾಗಿತ್ತು. ದೋಣಿಯನ್ನು ಗೋಡೆಯ ಒಳಮಗ್ಗುಲಲ್ಲೇ ನಿಲ್ಲಿಸಿ, ಅಲ್ಲಿ ಒಂದು ತಗಡಿನ ಪೆಟ್ಟಿಗೆ ಇಟ್ಟು ನೀರನ್ನು ಅದಕ್ಕೆ ಬೀಳಿಸಿ, ಪೆಟ್ಟಿಗೆಯಿಂದ ಪಕ್ಕಕ್ಕೆ ತಿರುಗಿಸಿ ಆನೆಯ ಕೆಳಗೆ ಹೊರಗೆ ಬಿಡಬಹುದು. ಪೆಟ್ಟಿಗೆಯನ್ನು ಅಗಲವಾಗಿ ಮಾಡಿದರೆ ಬೂದಿಯೂ ಅದರಲ್ಲೇ ತಂಗುತ್ತದೆ, ಬಾಚಿ ತೆಗೆಯಬಹುದು.

ಹೇಳಿದೆ. ಸಾವ್ಕಾರ್ರು ಬೀದಿಗೆ ಬಂದು ಆನೆಯ ಕಡೆ ತಲೆ ಎತ್ತಿದರು. "ಆನಿ ಕೆಳಗಾದ್ರೆ ಅಡ್ಡಿಯಿಲ್ಲ. ಹೆಂಗಿದ್ರೂ ನೀರು ಹಾಕೋದು ಆನಿ ಕೆಲ್ಸನೇ," ಅಂದರು. ಸುತ್ತ ನಿಂತಿದ್ದ ಹಮಾಲರೆಲ್ಲ ನಕ್ಕರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಪೆಟ್ಟಿಗೆಯ ಅಳತೆ ಬರೆದುಕೊಂಡೆ.

ಬೂದಿ ಬಾಚುವ ಕೆಲಸ ಭಟ್ಟಿಯ ಯಜಮಾನಿ ತಾನೇ ಮೇಲೆ ಹಾಕಿಕೊಂಡಳು. ಶುಕ್ರವಾರ ಭಟ್ಟಿಗೆ ರಜೆ. ಅವತ್ತು ಲಕ್ಷ್ಮಿಗೆ ಹೂವು ಏರಿಸಲು ಸಾವ್ಕಾರ್ರ ಏಣಿ ಹೇಗೂ ಬರುತ್ತದೆ, ಅದೇ ಏಣಿಯಲ್ಲಿ ಪೆಟ್ಟಿಗೆ ಬಾಚುತ್ತೇನೆ ಅಂದಳು. "ಬೂದಿ ನಂದು, ನಾನೇ ತೆಗೀತೀನಿ," ಅಂದಳು. ಆದರೂ ಮರಳಿನ ಚೀಲ ಬಿಚ್ಚಲಿಲ್ಲ. ಎರಡು ಸಲ ನನ್ನ ದೋಣಿ ಸೋರಿದ್ದನ್ನು ನೋಡಿದವಳು, ಅವಳನ್ನು ಏನೆನ್ನುವುದು.

ಹರಿಹರಕ್ಕೆ ಓಡಿ ತುಂಡುಗಳನ್ನು ಮತ್ತೆ ಬಗ್ಗಿಸಿದೆವು. ಒಂದು ತುದಿ ಸ್ವಲ್ಪ ಕಿರಿದು, ಇನ್ನೊಂದು ಅಗಲ. ತುಟಿಯನ್ನು ಕೆಳಕ್ಕೆ ಬಾಗಿಸಿ ಚೂಪು ಮಾಡಿದೆ, ನೀರು ಹಿಂದಕ್ಕೆ ತೆವಳದೆ ಅಲ್ಲೇ ಕಡಿದು ಬೀಳಲಿ ಎಂದು. ಒಳಗೆ ಡಾಂಬರು ಬಳಿದು ಒಣಗಿಸಿದೆವು. ಕೂರಿಸುವಾಗ ಭಾವ ಪ್ರತಿ ಮೆಟ್ಟಿಲಿನ ಸಂದಿಗೂ ಬೆರಳು ಹಾಕಿ ಆಡಿಸಿ ನೋಡಿದರು. ಹತ್ತಿಯನ್ನು ನಾವು ಕಣ್ಣೆತ್ತಿಯೂ ನೋಡಲಿಲ್ಲ.

ರೋಹಿಣಿ ಮಳೆ ಬಂದ ದಿನ ನಾವಿಬ್ಬರೂ ಗೋದಾಮಿನಲ್ಲೇ ಇದ್ದೆವು, ಪೆಟ್ಟಿಗೆಯ ಮುಚ್ಚಳ ಕೂರಿಸಲು ಬಂದಿದ್ದೆವು. ಮಧ್ಯಾಹ್ನವೇ ಕತ್ತಲು ಕವಿಯಿತು. ಶಾಮನೂರಿನ ಕಡೆಯಿಂದ ಗಾಳಿ ಎದ್ದು ಬೀದಿಯ ಧೂಳನ್ನೆಲ್ಲ ಎತ್ತಿ ಒಗೆಯಿತು. ಮೊದಲು ದಪ್ಪ ಹನಿ, ಆಮೇಲೆ ಹೆಂಚು ಒಡೆಯುವ ಹಾಗೆ ಮಳೆ. ಸಾವ್ಕಾರ್ರು ಅಂಡಿಗೆಗಳ ನಡುವೆ ಒಣ ಕೈ ಚಾಚಿಕೊಂಡು ದೋಣಿಯ ಉದ್ದಕ್ಕೂ ನಡೆದರು. ಒಂದೊಂದು ಮೆಟ್ಟಿಲಿನ ಕೆಳಗೂ ನಿಲ್ಲುವರು, ಅಂಗೈ ನೋಡಿಕೊಳ್ಳುವರು, ಮುಂದೆ ಹೋಗುವರು. ಮೇಲೆ ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುವ ಸದ್ದು ಕೇಳುತ್ತಿತ್ತು. ಹೊರಗೆ ಆನೆಯ ಕೆಳಗಿಂದ ನೀರು ತೊಲೆ ದಪ್ಪಕ್ಕೆ ಬೀದಿಗೆ ಬೀಳುತ್ತಿತ್ತು.

ಸಾವ್ಕಾರ್ರು ತುದಿ ಮುಟ್ಟಿ ಹಿಂತಿರುಗಿದರು. ಅಂಗೈ ನನ್ನ ಮುಂದೆ ಹಿಡಿದರು. ಒಣಗಿತ್ತು. ಮಳೆ ನಿಂತಿತು. ಹಾಗೆ ನಿಂತ ಮೇಲೆ ಬೀಳುವ ಹನಿಗೇ ನಾವು ಕಾದಿದ್ದೆವು. ಬೀಳಲಿಲ್ಲ. ಭಾವ ಅಂಡಿಗೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ನನಗೆ ಅಳು ಬರುವಷ್ಟು ಹಗುರವಾಯಿತು, ಬೀಡಿ ಹಚ್ಚುವ ನೆಪದಲ್ಲಿ ಬಾಗಿಲ ಕಡೆ ಹೊರಟೆ.

ಹಿಂದಿನ ಬಾಗಿಲು ತಳ್ಳಿಕೊಂಡು ಭಟ್ಟಿಯ ಯಜಮಾನಿ ಬಂದಳು. ತಲೆಯ ಮೇಲೆ ಗೋಣಿ ತಾಟು, ಕೈಯಲ್ಲಿ ಮೊರದ ತುಂಬ ಮಂಡಕ್ಕಿ. ಸಾವ್ಕಾರ್ರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಗರಿಗರಿ ಸದ್ದು ಇಡೀ ಗೋದಾಮಿಗೆ ಕೇಳಿಸಿತು.

"ಆತು ಬೂಬಮ್ಮ. ಚೀಲ ಬಿಚ್ಚು. ನಾಳಿಂದ ಒಲಿ ಹಚ್ಚು," ಅಂದರು.

ನಾನೂ ಮೊರಕ್ಕೆ ಕೈ ಹಾಕಿದೆ. ಮಂಡಕ್ಕಿ ಬಿಸಿ ಇತ್ತು. ತಲೆ ಎತ್ತಿ ಅವಳನ್ನು ನೋಡಿದೆ.

"ನಾಳೆ ಯಾಕ್ರಿ ಸಾವ್ಕಾರ್ರೆ," ಅಂದಳು. "ಮೋಡ ಕಟ್ಟಿದಾಗ್ಲೇ ಹಚ್ಚೀನಿ. ಈ ಸಲ ಬೆಂಕಿ ತೆಗೀಲಿಲ್ಲ."